ಮೂರು ಸಲ ಟೆಸ್ಟ್, ಮೂರು ಉತ್ತರ: ಕೂತು ಮಾತಾಡಿಸಿ ಸ್ವಭಾವ ಗುರುತಿಸುವುದು ಹೇಗೆ?

ಪ್ರಶ್ನೆ: ನನ್ನ ಅಕ್ಕನ ಮಗಳಿಗೆ 19 ವರ್ಷ, ತುಮಕೂರಿನಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದಾಳೆ. ಮೊಬೈಲ್‌ನಲ್ಲಿ ಉಚಿತವಾಗಿ ಸಿಗುವ ಪರ್ಸನಾಲಿಟಿ ಟೆಸ್ಟನ್ನು ಒಂದೇ ತಿಂಗಳಲ್ಲಿ ಮೂರು ಸಲ ಮಾಡಿದಳು. ಒಮ್ಮೆ ಐಎನ್‌ಎಫ್‌ಪಿ, ಒಮ್ಮೆ ಐಎನ್‌ಎಫ್‌ಜೆ, ಇನ್ನೊಮ್ಮೆ ಐಎಸ್‌ಎಫ್‌ಪಿ ಅಂತ ಬಂತು. ಈಗ "ಚಿಕ್ಕಮ್ಮ, ಇದರಲ್ಲಿ ನಾನು ಯಾವುದು ಅಂತ ನೀನೇ ಹೇಳು" ಎಂದು ನನ್ನ ಬೆನ್ನು ಬಿದ್ದಿದ್ದಾಳೆ. ಉತ್ತರ ನೋಡಿಕೊಂಡು ಕೋರ್ಸ್ ಬದಲಿಸುವ ಯೋಚನೆಯೂ ಇದ್ದಂತಿದೆ. ಹತ್ತಿರ ಕೂರಿಸಿಕೊಂಡು ಪ್ರಶ್ನೆ ಕೇಳಿ ಇದನ್ನು ಕಂಡುಹಿಡಿಯಬಹುದೇ? ಏನು ಕೇಳಬೇಕು, ಹೇಗೆ ಕೇಳಬೇಕು?

ಉತ್ತರ: ಬಹುಮಟ್ಟಿಗೆ ಕಂಡುಹಿಡಿಯಬಹುದು. ಸರಿಯಾಗಿ ನಡೆಸಿದ ಮಾತುಕತೆ ಮೊಬೈಲ್ ಟೆಸ್ಟ್‌ಗಿಂತ ಹೆಚ್ಚು ತಿಳಿಸುತ್ತದೆ. ಟೆಸ್ಟ್ ಉತ್ತರವನ್ನು ಬರೆದುಕೊಂಡು ಮುಂದಕ್ಕೆ ಹೋಗುತ್ತದೆ, "ಅದು ಯಾವಾಗ ನಡೆದದ್ದು?" ಅಂತ ತಿರುಗಿ ಕೇಳುವುದಿಲ್ಲ. ನೀವು ಕೇಳಬಹುದು. ಆದರೆ ಶುರು ಮಾಡುವ ಮೊದಲೇ ಒಂದು ಮಾತು ಒಪ್ಪಿಕೊಳ್ಳಿ: ನೀವು ತೀರ್ಪು ಕೊಡುವವರಲ್ಲ. ಅವಳು ತನ್ನನ್ನು ತಾನು ನೋಡಿಕೊಳ್ಳಲು ಕನ್ನಡಿ ಹಿಡಿಯುವವರು. ಈ ಕೆಲಸವನ್ನು ತರಬೇತಿ ಪಡೆದು ಮಾಡುವವರೂ ಟೆಸ್ಟ್ ಹೇಳಿದ ನಾಲ್ಕಕ್ಷರವನ್ನು ಹಾಗೇ ದಾಟಿಸುವುದಿಲ್ಲ. ಕೂತು ಮಾತಾಡಿ, ಕೊನೆಗೆ ಯಾವುದು ಹೊಂದುತ್ತದೆ ಎಂಬುದನ್ನು ಆ ವ್ಯಕ್ತಿಗೇ ಬಿಡುತ್ತಾರೆ.

ಮೊದಲು ಆ ಮೂರು ಉತ್ತರಗಳನ್ನು ಒಂದರ ಕೆಳಗೊಂದು ಬರೆದು ನೋಡಿ. ನಾಲ್ಕಕ್ಷರ ಎಂದರೆ ನಾಲ್ಕು ಜೋಡಿಗಳಿಂದ ಒಂದೊಂದು: ಐ (ಅಂತರ್ಮುಖಿ) ಅಥವಾ ಇ (ಬಹಿರ್ಮುಖಿ), ಎಸ್ (ಕಣ್ಣಿಗೆ ಕೈಗೆ ಸಿಕ್ಕದ್ದನ್ನು ಗಮನಿಸುವುದು) ಅಥವಾ ಎನ್ (ಹೊಳೆದದ್ದನ್ನು ಹಿಡಿಯುವುದು), ಟಿ (ತತ್ವ ನೋಡಿ ತೀರ್ಮಾನಿಸುವುದು) ಅಥವಾ ಎಫ್ (ಫೀಲಿಂಗ್, ವ್ಯಕ್ತಿಯನ್ನು ನೋಡಿ ತೀರ್ಮಾನಿಸುವುದು), ಜೆ (ವಿಷಯ ಇತ್ಯರ್ಥ ಮಾಡಿಕೊಳ್ಳುವ ಒಲವು) ಅಥವಾ ಪಿ (ಆಯ್ಕೆಯನ್ನು ತೆರೆದಿಡುವ ಒಲವು). ಐ ಮತ್ತು ಎಫ್ ಮೂರರಲ್ಲೂ ಇವೆ. ಒಮ್ಮೆ ಪಿ ಹೋಗಿ ಜೆ ಬಂದಿದೆ, ಇನ್ನೊಮ್ಮೆ ಎನ್ ಹೋಗಿ ಎಸ್ ಬಂದಿದೆ, ಅಷ್ಟೆ. ಅಂದರೆ ಮೂರು ಬೇರೆ ಬೇರೆ ಹುಡುಗಿಯರ ಚಿತ್ರ ಬಂದಿಲ್ಲ, ಒಬ್ಬಳೇ ಹುಡುಗಿಯ ಎರಡು ಅಕ್ಷರ ಅಲ್ಲಾಡುತ್ತಿವೆ. ಇದು ಅವಳೊಬ್ಬಳ ಸಮಸ್ಯೆಯಲ್ಲ, ಈ ಪದ್ಧತಿಯ ಒಳಗೇ ಇರುವ ತೊಡಕು. ಪ್ರತಿ ಜೋಡಿಯ ಅಂಕಗಳಲ್ಲಿ ಹೆಚ್ಚಿನ ಜನ ನಡುಮಧ್ಯದ ಆಸುಪಾಸಿನಲ್ಲೇ ಇರುತ್ತಾರೆ, ಎರಡು ತುದಿಗಳಲ್ಲಿ ಇರುವವರು ಕಡಿಮೆ. ನಡುಗೆರೆಯ ಪಕ್ಕ ನಿಂತವರು ಎರಡು ಪ್ರಶ್ನೆಗೆ ಬೇರೆ ಉತ್ತರ ಕೊಟ್ಟರೆ ಸಾಕು, ಅಕ್ಷರ ಬದಲಾಗುತ್ತದೆ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಪ್ರತಿ ಅಕ್ಷರವೂ ಮುಂದಿನ ಸಲ ಹಾಗೇ ಉಳಿಯುವ ಸಾಧ್ಯತೆ ಶೇ. 85 ಎಂದುಕೊಳ್ಳಿ. ನಾಲ್ಕೂ ಒಟ್ಟಿಗೆ ಉಳಿಯುವ ಸಾಧ್ಯತೆ 0.85ನ್ನು ನಾಲ್ಕು ಸಲ ಗುಣಿಸಿದಷ್ಟು, ಸುಮಾರು ಶೇ. 52. ಪ್ರತಿ ಅಕ್ಷರಕ್ಕೆ ಶೇ. 90 ಎಂದುಕೊಂಡರೂ ಒಟ್ಟು ಶೇ. 66 ದಾಟುವುದಿಲ್ಲ.

ಭಾಷೆಯದು ಇನ್ನೊಂದು ತೊಡಕು. ಆ ಪ್ರಶ್ನೆಗಳು ಇಂಗ್ಲಿಷಿನವು. ಓದುವಾಗ ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು, ಆಮೇಲೆ ಉತ್ತರ ಒತ್ತುತ್ತೇವೆ. "ಫೀಲಿಂಗ್" ಎಂದರೆ ಭಾವುಕತೆ, ಬೇಗ ಅಳು ಬರುವುದು ಅಂತ ಅರ್ಥ ಮಾಡಿಕೊಂಡವಳು ಒಂದು ಉತ್ತರ ಕೊಡುತ್ತಾಳೆ, ಬೇರೆಯವರಿಗೆ ಏನನ್ನಿಸುತ್ತದೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಂತ ತಿಳಿದವಳು ಇನ್ನೊಂದು ಕೊಡುತ್ತಾಳೆ. ಆದ್ದರಿಂದ ನೀವು ಅವಳ ಜೊತೆ ಮನೆಮಾತಿನಲ್ಲೇ ಮಾತಾಡಿ. ಯಾವ ಭಾಷೆಯಲ್ಲಿ ಜಗಳ ಆಡುತ್ತಾಳೋ ಆ ಭಾಷೆಯಲ್ಲಿ ಕೇಳಿದರೆ ಉತ್ತರ ಗಟ್ಟಿಯಾಗಿ ಬರುತ್ತದೆ.

ಈ ಅಕ್ಷರಗಳ ಮೂಲ ಗೊತ್ತಿದ್ದರೆ ಪ್ರಶ್ನೆ ಕೇಳುವುದು ಸುಲಭ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನೂ, ಯೋಚನೆ, ಭಾವ, ಇಂದ್ರಿಯಾನುಭವ, ಒಳಹೊಳಹು ಎಂಬ ನಾಲ್ಕು ಮನೋವ್ಯಾಪಾರಗಳನ್ನೂ ಮುಂದಿಟ್ಟ. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಆಕೆಯ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಇದನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ರಶ್ನಾವಳಿಯಾಗಿ ಮಾಡಲು ತೊಡಗಿದರು. ಇಬ್ಬರೂ ಮನಶ್ಶಾಸ್ತ್ರವನ್ನು ಕಾಲೇಜಿನಲ್ಲಿ ಕಲಿತವರಲ್ಲ. ಜೆ–ಪಿ ಜೋಡಿಗೆ ಪ್ರತ್ಯೇಕ ಅಳತೆ ಬಂದದ್ದು ಅವರಿಂದಲೇ. 1962ರಲ್ಲಿ ಅದು ಎಂಬಿಟಿಐ (ಮೈಯರ್ಸ್–ಬ್ರಿಗ್ಸ್ ಟೈಪ್ ಇಂಡಿಕೇಟರ್) ಹೆಸರಿನಲ್ಲಿ ಕೈಪಿಡಿಯೊಂದಿಗೆ ಪ್ರಕಟವಾಯಿತು. ನಿಮ್ಮ ಹುಡುಗಿ ಮಾಡಿದ್ದು ಬಹುಶಃ ಆ ಪ್ರಶ್ನಾವಳಿಯನ್ನಲ್ಲ, ಅದೇ ಅಕ್ಷರಗಳನ್ನು ಬಳಸುವ ಬೇರೊಂದನ್ನು. ನಾಲ್ಕಕ್ಷರದ ಮುಂದೆ ಅಡ್ಡಗೆರೆ ಹಾಕಿ ಎ ಅಥವಾ ಟಿ ಅಂತ ಐದನೆಯ ಅಕ್ಷರ ಬಂದಿದ್ದರೆ ಖಂಡಿತ ಬೇರೆಯದೇ, ಏಕೆಂದರೆ ಮೈಯರ್ಸ್ ಪದ್ಧತಿಯಲ್ಲಿ ಐದನೆಯ ಅಕ್ಷರ ಇಲ್ಲ.

ಈಗ ಕೆಲಸಕ್ಕೆ ಬರೋಣ. ಎರಡು ಬೈಠಕ್ ಇಟ್ಟುಕೊಳ್ಳಿ, ಒಂದೊಂದು 50 ನಿಮಿಷ, ನಡುವೆ ಒಂದು ವಾರದ ಬಿಡುವು. ಒಂದೇ ದಿನದಲ್ಲಿ ಮುಗಿಸಿದರೆ ಆ ದಿನದ ಮೂಡ್ ಮಾತ್ರ ಸಿಗುತ್ತದೆ. ಪರೀಕ್ಷೆಯ ಹದಿನೈದು ದಿನದೊಳಗೆ ಬೇಡ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದಾಗ ಬೇಡ. ನಿಮ್ಮ ಅಕ್ಕನ ಕಿವಿಗೆ ಬೀಳುವ ಜಾಗದಲ್ಲಂತೂ ಬೇಡವೇ ಬೇಡ. ತಾಯಿ ಅಡುಗೆಮನೆಯಿಂದ "ಇವಳಾ? ಇವಳಿಗೆ ಜನರೇ ಆಗಲ್ಲ" ಅಂತ ಒಂದು ಮಾತು ಎಸೆದರೆ ಮುಂದಿನ ಅರ್ಧ ಗಂಟೆ ಹುಡುಗಿ ಆ ಮಾತನ್ನು ಒಪ್ಪುತ್ತಲೋ ತಳ್ಳುತ್ತಲೋ ಕೂರುತ್ತಾಳೆ. ಎದುರುಬದುರು ಕೂತರೆ ಸಂದರ್ಶನದಂತಾಗುತ್ತದೆ. ಪಕ್ಕಪಕ್ಕ ಕೂತು ಅವರೆಕಾಯಿ ಸುಲಿಯುತ್ತಲೋ, ಸಂಜೆ ನಡೆಯುತ್ತಲೋ ಮಾತಾಡಿ. ಕೈಗೆ ಸಣ್ಣ ಕೆಲಸವಿದ್ದರೆ ಮಾತು ಸಲೀಸು.

ಮೊದಲ ಐದು ನಿಮಿಷದಲ್ಲಿ "ಒಲವು" ಎಂದರೇನು ಅಂತ ತಿಳಿಸಿ. ಅದಕ್ಕೆ ಹಳೆಯ ಉಪಾಯವೊಂದಿದೆ. ಒಂದು ಹಾಳೆಯಲ್ಲಿ ಅವಳ ಸಹಿ ಹಾಕಿಸಿ. ಕೆಳಗೆ ಅದೇ ಸಹಿಯನ್ನು ಇನ್ನೊಂದು ಕೈಯಲ್ಲಿ ಹಾಕಿಸಿ. ಎರಡನೆಯದೂ ಆಗುತ್ತದೆ, ಆದರೆ ನಿಧಾನ, ನಾಲಿಗೆ ಕಚ್ಚಿಕೊಂಡು, ಗಮನವೆಲ್ಲ ಅಲ್ಲೇ. ಎಲ್ಲರಿಗೂ ಎರಡು ಕೈ ಇವೆ, ಒಂದು ಮಾತ್ರ ತಾನಾಗಿ ಮುಂದೆ ಬರುತ್ತದೆ. ನೀವಿಬ್ಬರೂ ಹುಡುಕುತ್ತಿರುವುದು ಆ ತಾನಾಗಿ ಬರುವ ಕೈಯನ್ನು. ಯಾವುದು ಒಳ್ಳೆಯದು, ಯಾವುದರಲ್ಲಿ ಜಾಣೆ ಎಂಬುದು ಇಲ್ಲಿಯ ಮಾತೇ ಅಲ್ಲ. ಇದನ್ನು ಹೇಳದೆ ಮುಂದೆ ಹೋದರೆ ಅವಳು ಪ್ರತಿ ಪ್ರಶ್ನೆಗೂ "ಒಳ್ಳೆಯ" ಉತ್ತರ ಹುಡುಕುತ್ತಾಳೆ, ಅದರಲ್ಲೂ ಕೇಳುತ್ತಿರುವುದು ಚಿಕ್ಕಮ್ಮ ಆಗಿರುವುದರಿಂದ.

ಇಡೀ ಕೆಲಸದ ಪ್ರಾಣ ಒಂದೇ ಸೂತ್ರದಲ್ಲಿದೆ: ಗುಣ ಕೇಳಬೇಡಿ, ಘಟನೆ ಕೇಳಿ. "ನೀನು ಪ್ಲಾನ್ ಮಾಡುವವಳಾ?" ಎಂದರೆ ತನ್ನ ಬಗ್ಗೆ ತಾನು ಕಟ್ಟಿಕೊಂಡ ಅಭಿಪ್ರಾಯ ಸಿಗುತ್ತದೆ. "ಹೋದ ಭಾನುವಾರ ಬೆಳಿಗ್ಗೆ ಎದ್ದ ಮೇಲೆ ಮಧ್ಯಾಹ್ನದ ತನಕ ಏನೇನಾಯ್ತು?" ಎಂದರೆ ನಡೆದದ್ದು ಸಿಗುತ್ತದೆ. ಪ್ರತಿ ಘಟನೆಗೂ ನಾಲ್ಕು ಮೆಟ್ಟಿಲು ಇಳಿಯಿರಿ. ಏನು ನಡೆಯಿತು? ನೀನು ಏನು ಮಾಡಿದೆ? ಆಗ ನಿಜವಾಗಿ ಏನು ಮಾಡಬೇಕು ಅನ್ನಿಸಿತ್ತು? ಮುಗಿದ ಮೇಲೆ ಹಗುರ ಆಯ್ತಾ, ಸುಸ್ತಾಯ್ತಾ? ಮೊದಲ ಎರಡಕ್ಕೆ ಸಿಗುವುದು ಅಭ್ಯಾಸ, ಸಂಸ್ಕಾರ, ಮನೆಯ ಪದ್ಧತಿ. ಒಲವು ಕಾಣಿಸಿಕೊಳ್ಳುವುದು ಮೂರನೆಯ ಮತ್ತು ನಾಲ್ಕನೆಯ ಮೆಟ್ಟಿಲಿನಲ್ಲಿ.

ನಮ್ಮಲ್ಲಿ ಈ ಮೆಟ್ಟಿಲಿಗೆ ಅಡ್ಡ ನಿಲ್ಲುವ ಪದ ಒಂದಿದೆ: "ಅಡ್ಜಸ್ಟ್". ಅದರಲ್ಲೂ ಹೆಣ್ಣುಮಕ್ಕಳ ಬಾಯಲ್ಲಿ. ಆ ಪದ ಬಂದ ತಕ್ಷಣ ಅಲ್ಲೇ ನಿಲ್ಲಿ, ಏಕೆಂದರೆ ಯಾರೂ ತಮ್ಮ ಒಲವಿಗೆ ಅಡ್ಜಸ್ಟ್ ಮಾಡಿಕೊಳ್ಳುವುದಿಲ್ಲ, ಅದಕ್ಕೆ ವಿರುದ್ಧವಾದದ್ದಕ್ಕೆ ಮಾಡಿಕೊಳ್ಳುತ್ತಾರೆ. ಮಾತುಕತೆ ಹೀಗೆ ಸಾಗಬಹುದು:

"ಫ್ರೆಂಡ್ಸ್ ಜೊತೆ ಹಂಪಿಗೆ ಹೋಗಿದ್ದೆಯಲ್ಲ, ಹೊರಡೋ ಹಿಂದಿನ ದಿನ ಏನು ಮಾಡ್ತಿದ್ದೆ?"

"ಏನಿಲ್ಲ ಚಿಕ್ಕಮ್ಮ, ಪ್ಲಾನೆಲ್ಲ ಅವರದ್ದೇ. ನಾನು ಅಡ್ಜಸ್ಟ್ ಮಾಡ್ಕೊಂಡೆ."

"ಯಾವುದಕ್ಕೆ?"

"ರೂಮ್ ಬುಕ್ ಮಾಡಿರ್ಲಿಲ್ಲ. ಹೋಗಿ ನೋಡ್ಕೊಳ್ಳೋಣ ಅಂದ್ರು."

"ನಿಂಗೆ ಏನನ್ನಿಸ್ತು?"

"ಏನೂ ಅನ್ಲಿಲ್ಲ ನಾನು. ಆದ್ರೆ ಹೊಸಪೇಟೆಲಿ ಯಾವ ಯಾವ ಲಾಡ್ಜ್ ಇದೆ ಅಂತ ನೋಡಿ ಮೂರು ನಂಬರ್ ಬರ್ಕೊಂಡಿದ್ದೆ. ಯಾರಿಗೂ ಹೇಳ್ಲಿಲ್ಲ."

"ಆಮೇಲೆ?"

"ರೂಮಿನ ಕೀ ಕೈಗೆ ಬಂತಲ್ಲ, ಆಗ್ಲೇ ನಂಗೆ ಹಂಪಿ ಚೆನ್ನಾಗಿ ಕಾಣ್ಸಿದ್ದು."

ಟೆಸ್ಟಿನಲ್ಲಿ ಇದೇ ಹುಡುಗಿ "ಹೋದಹಾಗೆ ಹೊಂದಿಕೊಳ್ಳುತ್ತೇನೆ" ಎಂಬುದನ್ನು ಒತ್ತಿ ಪಿ ಪಡೆದಿರಬಹುದು. ಗುಟ್ಟಾಗಿ ಬರೆದುಕೊಂಡ ಆ ಮೂರು ನಂಬರ್ ಬೇರೆ ಮಾತು ಹೇಳುತ್ತವೆ. ಹಾಗೆಂದು ತಕ್ಷಣ ಜೆ ಎಂದು ಬರೆಯಬೇಡಿ. ಗೊತ್ತಿಲ್ಲದ ಊರಿನಲ್ಲಿ ರಾತ್ರಿ ತಂಗುವ ಜಾಗ ಖಾತ್ರಿ ಮಾಡಿಕೊಳ್ಳುವುದು ಹುಡುಗಿಯೊಬ್ಬಳ ಸುರಕ್ಷತೆಯ ಎಚ್ಚರವೂ ಆಗಿರಬಹುದು. ನೋಟ್‌ಬುಕ್ಕಿನಲ್ಲಿ ಜೆ ಕಡೆಗೆ ಒಂದು ಗೆರೆ ಎಳೆದು ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿ. ಆಮೇಲೆ ಭಯ, ಅಪಾಯ ಏನೂ ಇಲ್ಲದ ಘಟನೆ ಹುಡುಕಿ: ರಜೆಯ ಒಂದು ಖಾಲಿ ದಿನ, ಹೊಸ ಬಟ್ಟೆ ಕೊಂಡ ದಿನ, ಕೊನೆಗಳಿಗೆಯಲ್ಲಿ ರದ್ದಾದ ಸಿನಿಮಾ. ಸಿನಿಮಾ ರದ್ದಾದಾಗ "ಅಯ್ಯೋ, ದಿನವೇ ಹಾಳು" ಅನ್ನಿಸಿತೋ, "ಸದ್ಯ, ದಿನ ಖಾಲಿ ಆಯ್ತು" ಅನ್ನಿಸಿತೋ?

ಜೆ–ಪಿ ಜೋಡಿಯಲ್ಲಿ ಜನ ಎಡವುವುದು ಅದನ್ನು ಶಿಸ್ತು–ಅಶಿಸ್ತು ಎಂದು ಓದಿದಾಗ. ಬೀರು ಒಪ್ಪವಾಗಿದೆಯೇ ಎಂಬುದರಿಂದ ಇದು ತಿಳಿಯುವುದಿಲ್ಲ. ಬೀರು ಅಮ್ಮನ ಕೈಯಲ್ಲಿರುತ್ತದೆ. ಕಾಲೇಜಿನ ಟೈಮ್‌ಟೇಬಲ್ ಪಾಲಿಸುವುದರಿಂದಲೂ ತಿಳಿಯುವುದಿಲ್ಲ, ಅದು ಬೇರೆಯವರು ಹಾಕಿದ್ದು. ನೋಡಬೇಕಾದ್ದು ತೀರ್ಮಾನ ಆಗುವುದಕ್ಕೆ ಮೊದಲು ನೆಮ್ಮದಿಯೋ, ಆದ ಮೇಲೆ ನೆಮ್ಮದಿಯೋ ಎಂಬುದನ್ನು. ಜೆ ಒಲವಿನವರಿಗೆ ವಿಷಯ ಇತ್ಯರ್ಥವಾದರೆ ಉಸಿರು ಬರುತ್ತದೆ. ಪಿ ಒಲವಿನವರಿಗೆ ಇತ್ಯರ್ಥವಾದ ಕೂಡಲೇ ಬಾಗಿಲು ಮುಚ್ಚಿದಂತಾಗುತ್ತದೆ, "ಅದೂ ನೋಡಬಹುದಿತ್ತಲ್ಲ" ಎಂಬ ಎಳೆತ. ಹಬ್ಬಕ್ಕೆ ಸೀರೆಯನ್ನೋ ಚೂಡಿದಾರವನ್ನೋ ಕೊಂಡು ಅಂಗಡಿಯಿಂದ ಹೊರಬಂದ ಮೇಲಿನ ಹತ್ತು ನಿಮಿಷ ಹೇಗಿತ್ತು ಅಂತ ಕೇಳಿ. ಅಸೈನ್‌ಮೆಂಟ್ ಕೊಡುವ ಹಿಂದಿನ ರಾತ್ರಿ ಬರೆಯುವವರಲ್ಲೂ ಎರಡು ಬಗೆ ಇದ್ದಾರೆ. ಒಬ್ಬಳು ಮುಂದಕ್ಕೆ ಹಾಕಿ ಹಾಕಿ ಸಂಕಟ ಪಟ್ಟು ಬರೆಯುತ್ತಾಳೆ, ಇನ್ನೊಬ್ಬಳಿಗೆ ಆ ರಾತ್ರಿಯ ಒತ್ತಡದಲ್ಲೇ ತಲೆ ಓಡುತ್ತದೆ. ಪಿ ಎನ್ನುವುದಕ್ಕೆ ಎರಡನೆಯದು ಸಾಕ್ಷಿ. ಮೊದಲನೆಯದು ಬರೀ ಮುಂದೂಡುವ ಚಾಳಿ, ಅದು ಯಾವ ಟೈಪಿನವರಿಗೂ ಬರುತ್ತದೆ.

ಎಸ್–ಎನ್ ಜೋಡಿ ನಾಲ್ಕರಲ್ಲೂ ಕಷ್ಟದ್ದು. ನೇರ ಕೇಳಿ ತಿಳಿಯುವಂಥದ್ದಲ್ಲ, ಏಕೆಂದರೆ ನಾವು ಲೋಕವನ್ನು ಹೇಗೆ ಗಮನಿಸುತ್ತೇವೆ ಎಂಬುದು ನಮಗೇ ಕಾಣುವುದಿಲ್ಲ. ಅವಳು ಮಾತಾಡಲಿ, ನೀವು ಮಾತಿನ ಆಕಾರ ಕೇಳಿಸಿಕೊಳ್ಳಿ. ಅವಳಿಗೆ ಇಷ್ಟವಾದ ಯಾವುದಾದರೂ ಸಿನಿಮಾ ಬಗ್ಗೆ ಹೇಳಿಸಿ, ನಡುವೆ ಬಾಯಿ ಹಾಕಬೇಡಿ. ಎಸ್ ಒಲವಿದ್ದರೆ ಕತೆ ನಡೆದ ಕ್ರಮದಲ್ಲಿ ಬರುತ್ತದೆ, ಯಾರು ಏನು ಹಾಕಿಕೊಂಡಿದ್ದರು, ಯಾವ ಮನೆ, ಯಾವ ಮಾತು ಎಂಬ ವಿವರ ಸಮೇತ. ಎನ್ ಒಲವಿದ್ದರೆ "ಇದು ಒಂಥರಾ ಒಂಟಿತನದ ಕತೆ" ಎಂದು ತಿರುಳಿನಿಂದ ಶುರುವಾಗಿ, ಹಿಂದೆ ಮುಂದೆ ಜಿಗಿದು, ಇನ್ನೊಂದು ಸಿನಿಮಾಕ್ಕೂ ತನ್ನ ಗೆಳತಿಗೂ ಹೋಲಿಕೆಯಾಗಿ ಬರುತ್ತದೆ.

ಎರಡನೆಯ ಬೈಠಕ್‌ನಲ್ಲಿ ಒಂದು ವಸ್ತು ಕೈಗೆ ಕೊಡಿ. ಹಳೆಯ ಹಿತ್ತಾಳೆ ಚೊಂಬು ಒಳ್ಳೆಯದು. ಎರಡು ನಿಮಿಷ ಇದರ ಬಗ್ಗೆ ಏನು ಹೊಳೆಯುತ್ತದೋ ಹೇಳು ಎನ್ನಿ, ಫೋನಿನಲ್ಲಿ ಸಮಯ ನೋಡಿ. ಆಮೇಲೆ ಎಣಿಸಿ: "ಕಂಠದ ಹತ್ತಿರ ತಗ್ಗಾಗಿದೆ, ತಳದಲ್ಲಿ ಬೆಸುಗೆ ಇದೆ, ತೂಕ ಇದೆ" ಇವು ಕಣ್ಣಿಗೆ ಕೈಗೆ ಸಿಕ್ಕವು. "ಇದನ್ನು ಮದುವೆಯಲ್ಲಿ ಕೊಟ್ಟಿರಬೇಕು, ಎಷ್ಟು ತಲೆಮಾರು ನೀರು ಕುಡಿದಿದೆಯೋ, ಈಗ ಎಲ್ಲರೂ ಸ್ಟೀಲಿಗೆ ಹೋಗಿದ್ದೇವೆ" ಇವು ಹೊಳೆದವು. ಎರಡೂ ಇರುತ್ತವೆ, ಯಾವುದು ಮೊದಲು ಮತ್ತು ಯಾವುದು ಹೆಚ್ಚು ಎಂಬುದನ್ನು ಬರೆದುಕೊಳ್ಳಿ. ಇಲ್ಲಿ ಒಂದು ಎಚ್ಚರ: ಅಜ್ಜಿಯ ಮನೆಯಲ್ಲಿ ಇಂಥದೇ ಚೊಂಬು ಇತ್ತು, ಅದರ ಅಂಚು ಹೀಗಿತ್ತು ಎಂಬ ನೆನಪು ಎನ್ ಅಲ್ಲ. ಹಿಂದೆ ಕಂಡದ್ದರ ನಿಖರ ನೆನಪು ಎಸ್ ಕಡೆಯದು. ಇನ್ನೂ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ: ಎನ್ ಎಂದರೆ ಬುದ್ಧಿವಂತರು, ಕಲಾವಿದರು, ಎಸ್ ಎಂದರೆ ಸಾಮಾನ್ಯರು ಅಂತ. ಮೊಬೈಲ್‌ನಲ್ಲಿ ಓಡಾಡುವ ವಿವರಣೆಗಳು ಎನ್ ಬಗೆಗಳನ್ನು ಅಪರೂಪದವರಂತೆ ಬಣ್ಣಿಸುತ್ತವೆ, ಹತ್ತೊಂಬತ್ತರ ವಯಸ್ಸಿಗೆ ಅದು ಸಹಜವಾಗಿಯೇ ಹಿಡಿಸುತ್ತದೆ. ಸೂಕ್ಷ್ಮ ಕುಸುರಿ ಮಾಡುವ ಕೈ, ರುಚಿಯಲ್ಲಿ ಒಂದು ಚಿಟಿಕೆ ಇಂಗು ಹೆಚ್ಚಾದರೂ ಗುರುತಿಸುವ ನಾಲಿಗೆ, ಇವೂ ಪ್ರತಿಭೆಯೇ, ಇವು ಎಸ್ ಕಡೆಯವು. ಇದನ್ನು ಅವಳಿಗೆ ಬಾಯಿಬಿಟ್ಟು ಹೇಳಿ.

ಐ ಮೂರು ಸಲವೂ ಬಂದಿದೆ, ಹಾಗಾಗಿ ಅದಕ್ಕೆ ಹತ್ತು ನಿಮಿಷ ಸಾಕು. ಪರೀಕ್ಷಿಸಬೇಕಾದ್ದು ಒಂದೇ: ಅದು ಅಂತರ್ಮುಖತೆಯೋ ಸಂಕೋಚವೋ. ಸಂಕೋಚದವಳು ಜನರ ಹತ್ತಿರ ಹೋಗಲು ಬಯಸುತ್ತಾಳೆ, ಹಿಂಜರಿಯುತ್ತಾಳೆ. ಅಂತರ್ಮುಖಿ ಹಿಂಜರಿಯದೆಯೂ ಹೋಗಬಲ್ಲಳು, ಆದರೆ ವಾಪಸ್ ಬರಲು ಬಯಸುತ್ತಾಳೆ. ಎರಡು ದಿನದ ಮದುವೆಯ ಛತ್ರದಲ್ಲಿ, ಎಲ್ಲರೂ ಗೊತ್ತಿರುವ ನೆಂಟರೇ ಆಗಿದ್ದಾಗ, ಎರಡನೆಯ ಮಧ್ಯಾಹ್ನ ಅವಳು ಎಲ್ಲಿದ್ದಳು? ಊಟದ ಮೇಲೆ ಮೂಲೆಯ ಕೋಣೆಗೆ ಹೋಗಿ ಅರ್ಧ ಗಂಟೆ ಸುಮ್ಮನೆ ಮಲಗಿದ್ದರೆ ಒಂದು ಅರ್ಥ, ಸೋದರಸಂಬಂಧಿಗಳ ಗುಂಪಿನಲ್ಲಿ ರಾತ್ರಿ ಎರಡರ ತನಕ ಹರಟಿ "ಇನ್ನೊಂದು ದಿನ ಇರಬೇಕಿತ್ತು" ಅಂದಿದ್ದರೆ ಇನ್ನೊಂದು ಅರ್ಥ. ಗೊತ್ತಿಲ್ಲದವರ ಎದುರು ಮೂಕಿ, ಗೊತ್ತಿರುವವರ ನಡುವೆ ತಣಿಯದ ಮಾತುಗಾರ್ತಿ ಆಗಿದ್ದರೆ ಐ ಪಕ್ಕ ಪ್ರಶ್ನಾರ್ಥಕ ಇರಲಿ.

ಎಫ್ ಕೂಡ ಗಟ್ಟಿಯಾಗಿ ಕಾಣುತ್ತದೆ, ಆದರೂ ನಾನು ಅದನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣುಮಗುವಿಗೆ ನಾಲ್ಕು ವರ್ಷದಿಂದಲೇ "ಅವರಿಗೆ ಬೇಜಾರಾಗುತ್ತೆ, ಹಾಗನ್ನಬಾರದು" ಎಂಬುದನ್ನು ಕಲಿಸುತ್ತೇವೆ. ಹಾಗಾಗಿ ಟಿ ಒಲವಿನ ಹುಡುಗಿಯೂ ಎಫ್ ನಡವಳಿಕೆಯನ್ನು ಚೆನ್ನಾಗಿ ಕಲಿತಿರುತ್ತಾಳೆ. ಇದಕ್ಕೆ ಒಳ್ಳೆಯ ಘಟನೆ ಎಂದರೆ ಗುಂಪು ಪ್ರಾಜೆಕ್ಟ್. ಐದು ಜನರಲ್ಲಿ ಒಬ್ಬಳು ಏನೂ ಮಾಡಲಿಲ್ಲ, ವರದಿಯಲ್ಲಿ ಅವಳ ಹೆಸರು ಹಾಕುವುದೋ ಬೇಡವೋ? ಹಾಕಿದರೋ ಇಲ್ಲವೋ ಎಂಬುದು ಮುಖ್ಯವಲ್ಲ, ಎರಡೂ ಬಗೆಯವರು ಹಾಕಿರಬಹುದು. ಕಾರಣ ಕೇಳಿ. "ಅವಳ ಮನೇಲಿ ಏನೋ ತೊಂದರೆ ಇತ್ತು, ನಾಳೆ ಅವಳ ಮುಖ ಹೇಗೆ ನೋಡೋದು" ಎಂದರೆ ತೂಕ ವ್ಯಕ್ತಿಯ ಮೇಲಿದೆ. "ಮೊದಲೇ ಯಾರೂ ನಿಯಮ ಹೇಳಿರಲಿಲ್ಲ, ಈಗ ತೆಗೆದರೆ ಸರಿಯಲ್ಲ" ಎಂದರೆ ಹೆಸರು ಹಾಕಿದ್ದರೂ ತೂಕ ತತ್ವದ ಮೇಲಿದೆ. ಕೊನೆಗೆ ಕೇಳಿ: "ಮನಸ್ಸಲ್ಲಿ ಅಂದುಕೊಂಡು ಬಾಯಿ ಬಿಡದ್ದು ಏನಾದ್ರೂ ಇತ್ತಾ?" ಬಹಳ ಸಲ ನಿಜವಾದ ಅಕ್ಷರ ಆ ಬಾಯಿಬಿಡದ ಮಾತಿನಲ್ಲಿರುತ್ತದೆ.

ಬರೆದುಕೊಳ್ಳುವ ಕ್ರಮ ಸರಳವಾಗಿರಲಿ. ಪ್ರತಿ ಜೋಡಿಗೆ ಒಂದು ಪುಟ, ನಡುವೆ ಗೆರೆ, ಎರಡು ಕಡೆ. ಪ್ರತಿ ಜೋಡಿಗೆ ಕನಿಷ್ಠ ಐದು ಘಟನೆ ಬೇಕು, ಅವು ಮನೆ, ಕಾಲೇಜು, ಅವಳು ಒಬ್ಬಳೇ ಇದ್ದಾಗ, ಈ ಮೂರು ಕಡೆಯಿಂದಲೂ ಬರಬೇಕು. ಬರೀ ಮನೆಯ ಘಟನೆಗಳಿಂದ ತೀರ್ಮಾನಿಸಿದರೆ ಸಿಗುವುದು "ಮಗಳು" ಎಂಬ ಪಾತ್ರದ ಟೈಪ್. ನೀವು ಕೇಳದೆ ಅವಳಾಗಿ ಹೇಳಿದ ಘಟನೆಗೆ ಚುಕ್ಕಿ ಹಾಕಿ, ಅದರ ಬೆಲೆ ಹೆಚ್ಚು. ಐದರಲ್ಲಿ ನಾಲ್ಕು ಒಂದೇ ಕಡೆ ಬಿದ್ದರೆ ಅಕ್ಷರ ಬರೆಯಿರಿ. ಮೂರು–ಎರಡು ಆದರೆ ಅಕ್ಷರದ ಜಾಗ ಖಾಲಿ ಬಿಡಿ. ಅವಳ ಮಾತನ್ನು ಅವಳ ಪದಗಳಲ್ಲೇ ಬರೆಯಿರಿ, ನಿಮ್ಮ ಸಾರಾಂಶ ಬೇಡ. "ಕೀ ಕೈಗೆ ಬಂದಾಗ ಹಂಪಿ ಚೆನ್ನಾಗಿ ಕಾಣಿಸಿತು" ಎಂಬ ಸಾಲು ಒಂದು ವಾರದ ನಂತರವೂ ಅರ್ಥ ಕೊಡುತ್ತದೆ, "ಯೋಜನಾಪ್ರಿಯೆ" ಎಂಬ ಪದ ಕೊಡುವುದಿಲ್ಲ.

ತಪ್ಪುವುದು ಎಲ್ಲೆಲ್ಲಿ? ಮೊದಲನೆಯದು ನಿಮ್ಮ ಬಾಯಿಂದಲೇ. "ನೀನು ಸ್ವಲ್ಪ ಸೈಲೆಂಟ್ ಅಲ್ವಾ?" ಎಂಬಂಥ, ಉತ್ತರವನ್ನು ಒಳಗಿಟ್ಟುಕೊಂಡ ಪ್ರಶ್ನೆ ಹಿರಿಯರಿಂದ ಬಂದರೆ ಕಿರಿಯರು ಹೌದೆನ್ನುತ್ತಾರೆ. "ಅಲ್ವಾ" ಎಂಬ ಪದವನ್ನೇ ಆ 50 ನಿಮಿಷ ಬಿಟ್ಟುಬಿಡಿ. ಉತ್ತರ ಬಂದ ಮೇಲೆ ಮೂರು ಎಣಿಸುವ ತನಕ ಸುಮ್ಮನಿರಿ. ಎರಡನೆಯ ವಾಕ್ಯ ಸಾಮಾನ್ಯವಾಗಿ ಮೊದಲನೆಯದಕ್ಕಿಂತ ನಿಜವಾಗಿರುತ್ತದೆ. "ಅದೇ ನೋಡು, ಇದು ಎಫ್!" ಎಂದು ನಡುವೆ ಅಕ್ಷರ ಉಚ್ಚರಿಸಿದರೆ ಅಲ್ಲಿಂದ ಮುಂದೆ ಅವಳು ಆ ಅಕ್ಷರಕ್ಕೆ ತಕ್ಕ ಘಟನೆಗಳನ್ನೇ ನೆನಪಿಸಿಕೊಳ್ಳುತ್ತಾಳೆ.

ದೊಡ್ಡ ಅಪಾಯ ವಿವರಣೆಗಳದು. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಟೆಸ್ಟ್ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ "ಇದು ನಿನ್ನ ವ್ಯಕ್ತಿತ್ವ" ಎಂದು ಒಂದೊಂದು ಬರಹ ಹಂಚಿದ. ಎಷ್ಟು ನಿಖರವಾಗಿದೆ ಎಂದು ಐದಕ್ಕೆ ಅಂಕ ಕೊಡಲು ಹೇಳಿದಾಗ ಸರಾಸರಿ 4.26 ಬಂತು. ಎಲ್ಲರ ಕೈಯಲ್ಲಿದ್ದದ್ದು ಒಂದೇ ಬರಹ, ಅದರ ಸಾಲುಗಳನ್ನು ಅವನು ಆಯ್ದದ್ದು ಜ್ಯೋತಿಷ್ಯದ ಅಗ್ಗದ ಪುಸ್ತಕದಿಂದ. ಹಾಗಾಗಿ ಐಎನ್‌ಎಫ್‌ಜೆ ವಿವರಣೆ ಓದಿ "ಇದು ನಾನೇ!" ಎಂದು ಅವಳಿಗೆ ಅನ್ನಿಸಿದ್ದರೆ ಅದನ್ನು ಸಾಕ್ಷಿ ಎಂದು ಎಣಿಸಬೇಡಿ. ಪರೀಕ್ಷಿಸುವ ಬಗೆ ಹೀಗೆ: ಮೂರೂ ಬಗೆಯ ವಿವರಣೆಗಳನ್ನು, ಹೆಸರು ಮತ್ತು ಅಕ್ಷರ ಅಳಿಸಿ, ಒಂದೇ ಉದ್ದಕ್ಕೆ ಕನ್ನಡದಲ್ಲಿ ನೀವೇ ಬರೆಯಿರಿ. ಪ್ರತಿಯೊಂದರಲ್ಲೂ ಹೊಗಳಿಕೆ ಸಮ ಇರಲಿ, ಕೊರತೆಗಳೂ ಸಮ ಇರಲಿ. "ಕೆಲವೊಮ್ಮೆ ನಿಮ್ಮನ್ನು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ" ಎಂಬಂಥ ಎಲ್ಲರಿಗೂ ಹೊಂದುವ ಸಾಲು ಹೊಡೆದುಹಾಕಿ. ಎರಡು ವಾರ ಅವಳ ಬಳಿ ಇರಲಿ, ಹೊಂದುವ ಸಾಲಿನ ಮುಂದೆ ಘಟನೆ ಬರೆಯಲಿ, ಹೊಂದದ ಸಾಲಿಗೆ ಅಡ್ಡಗೀಟು ಹಾಕಲಿ. ಅಡ್ಡಗೀಟು ಕಡಿಮೆ ಇರುವ ಹಾಳೆ ಸದ್ಯಕ್ಕೆ ಅವಳದು.

ಗೆಳತಿಯರು ಬಹುಶಃ ಅವಳಿಗೆ "ಫಂಕ್ಷನ್" ನೋಡಿ ತೀರ್ಮಾನಿಸು ಎನ್ನುತ್ತಾರೆ. ಯೂಂಗ್‌ನ ನಾಲ್ಕು ವ್ಯಾಪಾರಗಳನ್ನು ಒಳಮುಖ, ಹೊರಮುಖ ಎಂದು ಎಂಟು ಮಾಡಿ, ಪ್ರತಿ ಟೈಪಿಗೆ ಅವುಗಳ ಒಂದು ಸಾಲು ಕೊಡುವ ಪದ್ಧತಿ ಅದು. ಆ ಲೆಕ್ಕದಲ್ಲಿ ಐಎನ್‌ಎಫ್‌ಜೆಗೆ ಒಳಮುಖ ಹೊಳಹು ಮೊದಲು, ಹೊರಮುಖ ಭಾವ ಎರಡನೆಯದು. ಐಎನ್‌ಎಫ್‌ಪಿಗೆ ಒಳಮುಖ ಭಾವ ಮೊದಲು, ಹೊರಮುಖ ಹೊಳಹು ಎರಡನೆಯದು. ಕೊನೆಯ ಒಂದಕ್ಷರ ಬದಲಾದರೆ ಇಡೀ ಸಾಲೇ ಬದಲು. ಕೇಳಲು ಸೊಗಸಾಗಿದೆ, ಮಾತುಕತೆಗೆ ಒಂದೆರಡು ಒಳ್ಳೆಯ ಪ್ರಶ್ನೆಯನ್ನೂ ಕೊಡುತ್ತದೆ, ಆದರೆ ಸಂಶೋಧನೆಯ ಬೆಂಬಲ ತೀರಾ ದುರ್ಬಲ. ಘಟನೆಗಳು ಒಂದು ಹೇಳಿ ಫಂಕ್ಷನ್ ಸಾಲು ಇನ್ನೊಂದು ಹೇಳಿದರೆ ಘಟನೆಯ ಮಾತು ಕೇಳಿ.

ಕೋರ್ಸ್ ವಿಷಯ. ಈ ಅಕ್ಷರಗಳ ಮೇಲೆ ಬಿ.ಕಾಂ. ಬಿಡುವುದೂ ಬೇಡ, ಉಳಿಸಿಕೊಳ್ಳುವುದೂ ಬೇಡ. ಕೆಲಸಕ್ಕೆ ಆಯ್ಕೆ ಮಾಡಲು ಎಂಬಿಟಿಐ ಬಳಸಬಾರದೆಂದು ಅದನ್ನು ನಡೆಸುವವರೇ ಹೇಳುತ್ತಾರೆ, ಅದು ಸಾಮರ್ಥ್ಯವನ್ನು ಅಳೆಯುವುದೇ ಇಲ್ಲ. ಕೋರ್ಸಿಗೆ ಬೇಕಾದ್ದು ಆಸಕ್ತಿ ಮತ್ತು ಕೌಶಲದ ಮಾತು: ಯಾವ ವಿಷಯದ ಲೆಕ್ಕ ಮಾಡುವಾಗ ಹೊತ್ತು ಹೋದದ್ದು ತಿಳಿಯಲಿಲ್ಲ, ಯಾವ ಪುಸ್ತಕವನ್ನು ಪರೀಕ್ಷೆ ಮುಗಿದ ಮೇಲೂ ತೆರೆದಳು, ಎಷ್ಟು ಖರ್ಚು ಮನೆಗೆ ಸಾಧ್ಯ. ಅದಕ್ಕೆ ಬೇರೆಯೇ ದಿನ ಕೂರಿ, ಈ ನೋಟ್‌ಬುಕ್ ತರಬೇಡಿ.

ಇನ್ನೊಂದು ವಿಷಯವನ್ನು ನೀವು ಕಿವಿಗೊಟ್ಟು ಕೇಳಿಸಿಕೊಳ್ಳಬೇಕು. ಮನಶ್ಶಾಸ್ತ್ರದಲ್ಲಿ ಇಂದು ಹೆಚ್ಚು ಒಪ್ಪಿತವಾದದ್ದು ಐದು ಗುಣಗಳ ಅಳತೆ: ಮುಕ್ತತೆ, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ, ಭಾವನಾತ್ಮಕ ಅಸ್ಥಿರತೆ. ಎಂಬಿಟಿಐಯ ನಾಲ್ಕು ಜೋಡಿಗಳು ಇವುಗಳಲ್ಲಿ ಮೊದಲ ನಾಲ್ಕಕ್ಕೆ ಸರಿಸುಮಾರು ಹೊಂದುತ್ತವೆ. ಐದನೆಯದಕ್ಕೆ, ಅಂದರೆ ಆತಂಕ, ಕುಗ್ಗುವಿಕೆ ಎಷ್ಟು ಬೇಗ ಬರುತ್ತದೆ ಎಂಬುದಕ್ಕೆ, ನಾಲ್ಕಕ್ಷರದಲ್ಲಿ ಜಾಗವೇ ಇಲ್ಲ. ಒಂದು ತಿಂಗಳಲ್ಲಿ ಮೂರು ಸಲ ಟೆಸ್ಟ್ ಮಾಡಿ "ನಾನು ಯಾವುದು" ಎಂದು ಕೇಳುತ್ತಿರುವುದು ಬರೀ ಕುತೂಹಲ ಇರಬಹುದು. ಬಹುಪಾಲು ಹಾಗೇ ಇರುತ್ತದೆ. ಆದರೆ ಮಾತಿನ ನಡುವೆ ನಿದ್ದೆ ಇಲ್ಲದ ರಾತ್ರಿಗಳು, ಊಟ ಸೇರದಿರುವುದು, ಮೊದಲು ಇಷ್ಟವಾಗುತ್ತಿದ್ದದ್ದು ಈಗ ಬೇಡವೆನಿಸುವುದು, ಬದುಕೇ ಬೇಸರ ಎಂಬ ಮಾತು ಬಂದರೆ ನೋಟ್‌ಬುಕ್ ಮುಚ್ಚಿ. ಎರಡು ವಾರಕ್ಕಿಂತ ಹೆಚ್ಚು ಹೀಗಿದ್ದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಬದುಕು ಬೇಡ ಎಂಬ ಮಾತು ಬಂದರಂತೂ ಎರಡು ವಾರ ಕಾಯಬೇಡಿ, ಅಂದೇ ಹೋಗಿ. 14416ಕ್ಕೆ ಕರೆ ಮಾಡಿದರೆ ಟೆಲಿ–ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ.

ಹಾಗೇನೂ ಇಲ್ಲದಿದ್ದರೆ, ಎರಡನೆಯ ಬೈಠಕ್ ಮುಗಿದ ದಿನ ನಾಲ್ಕೂ ಪುಟ ಹರಿದು ಅವಳ ಕೈಗೇ ಕೊಡಿ. ಐ ಮತ್ತು ಎಫ್ ಬರೆದು ನಡುವೆ, ಕೊನೆಗೆ ಖಾಲಿ ಜಾಗ ಉಳಿದಿದ್ದರೆ ಹಾಗೇ ಇರಲಿ. ಮುಂದಿನ ವರ್ಷ ಈ ಹೊತ್ತಿಗೆ ಅದೇ ಪುಟದಲ್ಲಿ ಇನ್ನೈದು ಘಟನೆ ಬರೆದುಕೊಳ್ಳಲು ಹೇಳಿ, ಈ ಸಲ ನೀವಿಲ್ಲದೆ.